ಎಡಕ್ಕೆ ಇಳಿಯಬೇಕಿದ್ದ ಪಟ್ಟೆ

ಹೊಳಲ್ಕೆರೆಯ ಓಬಳೇಶ್ ಮೂವತ್ತು ವರ್ಷ ಬ್ರಷ್ ಹಿಡಿದೇ ಬದುಕಿದವನು. ಅಂಗಡಿಗಳ ಹೆಸರು, ಶಾಲೆ ಗೋಡೆಯ ಭೂಪಟ, ಲಾರಿಗಳ ಹಿಂದಿನ ಗಿಳಿ, ಎಲ್ಲ ಅವನ ಕೈಯಲ್ಲೇ ಆಗುತ್ತಿದ್ದವು. ಆಮೇಲೆ ಬಸ್ ನಿಲ್ದಾಣದ ಎದುರಿಗೆ ಚೇತನ್‌ಕುಮಾರ್ ಫ್ಲೆಕ್ಸ್ ಅಂಗಡಿ ತೆರೆದ. ವರ್ಷ ತುಂಬುವುದರೊಳಗೆ ಊರಿನ ಹೆಸರುಗಳೆಲ್ಲ ಅವನ ಪಾಲಾದವು. ಓಬಳೇಶನಿಗೆ ಉಳಿದದ್ದು ರಸ್ತೆಯ ಕೆಲಸ. ಮೋರಿ ಕಟ್ಟೆಗಳಿಗೆ, ಸೇತುವೆಯ ಕಂಬಗಳಿಗೆ ಹಳದಿ ಕಪ್ಪು ಪಟ್ಟೆ ಬಳಿಯುವುದು.

ಅದನ್ನು ಅವನಿಗೆ ಕಲಿಸಿದವರು ರಸ್ತೆ ಗ್ಯಾಂಗಿನ ಮೇಸ್ತ್ರಿ ನಿಂಗಪ್ಪ. ಮೊದಲ ದಿನ ಓಬಳೇಶ್ ಚೆಂದ ಕಂಡ ಹಾಗೆ ಪಟ್ಟೆ ಎಳೆದಿದ್ದಕ್ಕೆ ಅವರು ಹಸಿ ಬಣ್ಣವನ್ನು ಗೋಣಿಚೀಲದಲ್ಲಿ ಒರೆಸಿಬಿಟ್ಟಿದ್ದರು.

"ಇದು ರಂಗೋಲಿ ಅಲ್ಲಪ್ಪ. ಪಟ್ಟೆ ಯಾವ ಕಡೆ ಇಳೀತೈತೋ ಆ ಕಡೆಯಿಂದ ಗಾಡಿ ಹೋಗ್ಬೇಕು ಅಂತ ಅರ್ಥ. ಎಡಕ್ಕೆ ಇಳಿದ್ರೆ ಎಡಕ್ಕೆ ಹೋಗು, ಬಲಕ್ಕೆ ಇಳಿದ್ರೆ ಬಲಕ್ಕೆ. ನಡುವಿಂದ ಎರಡೂ ಕಡೆ ಇಳಿದ್ರೆ ಎರಡೂ ಕಡೆ ದಾರಿ ಐತೆ."

ಕೊನೆಗೆ ರಸ್ತೆಗೂ ಅದೇ ಪಟ್ಟೆ ಅಚ್ಚಾದ ಹೊಳೆಯುವ ಬೋರ್ಡುಗಳು ಬಂದವು. ಗುತ್ತಿಗೆದಾರ ಆ ಕೆಲಸವನ್ನೂ ಚೇತನ್‌ಕುಮಾರನಿಗೇ ಕೊಟ್ಟ.

ಓಬಳೇಶ್ ಫ್ಲೆಕ್ಸ್ ಅಂಗಡಿಯ ಮುಂದೆ ಹಾಯುವುದು ಬಿಟ್ಟು ಸಂತೆ ಬೀದಿ ಸುತ್ತಿ ಮನೆಗೆ ಹೋಗತೊಡಗಿದ. ದಾರಿಯಲ್ಲಿ ಒಬ್ಬನೇ ಇದ್ದರೆ ಮೊಪೆಡ್ ನಿಲ್ಲಿಸಿ ಆ ಬೋರ್ಡುಗಳ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ. ಒಂದೂ ಕಿತ್ತು ಬರಲಿಲ್ಲ. ಒಂದು ಸಂಜೆ ದುರ್ಗದಿಂದ ಬಸ್ಸಿನಲ್ಲಿ ಬಂದ ಹೆಂಡತಿ ಯಶೋದಾ ಚಪ್ಪಲಿ ಬಿಡುತ್ತಲೇ ಅಂದಳು:

"ಆ ಚೇತನ್ ಹಾಕಿರೋ ಬೋರ್ಡು ಏನು ಹೊಳೀತವೆ ಅಂತೀರಿ! ಬಸ್ಸಿನ ಲೈಟು ಬಿದ್ರೆ ದೀಪ ಹಚ್ಚಿದಂಗೆ ಕಾಣ್ತವೆ."

ಅವನು ಅರ್ಧ ತಿಂದ ಮುದ್ದೆಯನ್ನು ಬಿಟ್ಟು ಕೈ ತೊಳೆದ.

ಡಿಸೆಂಬರಿನಲ್ಲಿ ಚಿಕ್ಕಜಾಜೂರಿನ ರಸ್ತೆ ಅಗಲ ಮಾಡಲು ಒಂದು ಮೋರಿಯ ಬಲಭಾಗವನ್ನು ಒಡೆದಿದ್ದರು. ನಡುವೆ ಕಲ್ಲಿನ ಗುಡ್ಡೆ, ಅದರ ಮುಂದೆ ಹೊಸ ಬೋರ್ಡು. ಶಾಲೆಯೊಂದಕ್ಕೆ ಬಣ್ಣ ಹೊಡೆಯಲು ಹೊರಟಿದ್ದ ಓಬಳೇಶ್ ಅದನ್ನು ನೋಡಿ ಮೊಪೆಡ್ ನಿಲ್ಲಿಸಿದ. ಗಾಡಿಗಳು ಹೋಗಬೇಕಾದದ್ದು ಎಡಕ್ಕೆ. ಪಟ್ಟೆಗಳು ಇಳಿದದ್ದು ಬಲಕ್ಕೆ, ನೇರ ಒಡೆದ ಮೋರಿಯ ಗುಂಡಿಯತ್ತ.

ಎಷ್ಟೋ ತಿಂಗಳ ಮೇಲೆ ಅವನಿಗೆ ನಗು ಬಂತು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ.

"ಹೋಗಿ ಅವನಿಗೊಂದು ಮಾತು ಹೇಳ್ರಿ."

"ನಾನ್ಯಾಕೆ ಹೇಳ್ಲಿ? ಹೊಳೆಯೋದು ಗೊತ್ತೈತಲ್ಲ ಅವನಿಗೆ, ಇದೂ ಗೊತ್ತಾಗ್ಲಿ. ರಸ್ತೆ ಇಲಾಖೆ ಸಾಹೇಬ್ರು ಬಂದು ಉಗಿದ್ರೆ ಕಲೀತಾನೆ."

ಸಾಹೇಬರು ತನ್ನನ್ನೇ ಕರೆಸುತ್ತಾರೆ, ಎಲ್ಲರೆದುರು ಚೇತನ್ ತಲೆ ತಗ್ಗಿಸಿ ನಿಲ್ಲುತ್ತಾನೆ ಎಂದು ಅವನು ದಿನವೂ ನೆನೆದುಕೊಂಡು ಸುಖಪಟ್ಟ. ಹಗಲಿನಲ್ಲಿ ಗುಂಡಿ ಎಲ್ಲರಿಗೂ ಕಾಣುತ್ತಿತ್ತು. ಹಾಗೇ ಎಂಟು ದಿನ ಕಳೆಯಿತು.

ಒಂಬತ್ತನೇ ದಿನ ಬೆಳಿಗ್ಗೆ ದಟ್ಟ ಮಂಜು. ಕುರಿ ಸಾಕುವ ಬೋರಣ್ಣ ಐದು ಟಗರುಗಳನ್ನು ತನ್ನ ಲಗೇಜ್ ಆಟೊದಲ್ಲಿ ಹಾಕಿಕೊಂಡು ಸಂತೆಗೆ ಹೊರಟಿದ್ದ. ಅವನಿಗೆ ಕಂಡದ್ದು ಬೋರ್ಡು ಒಂದೇ. ಗಾಡಿ ಓಡಿಸಿ ಪಟ್ಟೆಯ ಅರ್ಥ ಬಲ್ಲವನು, ಅದು ಇಳಿದ ಕಡೆ ಬಲಕ್ಕೆ ತಿರುಗಿಸಿದ. ಆಟೊ ಗುಂಡಿಗೆ ಮಗುಚಿ ಎರಡು ಟಗರು ಸತ್ತವು, ಬೋರಣ್ಣನ ತೋಳು ಮುರಿಯಿತು. ಬೋರಣ್ಣ ಓಬಳೇಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

ಸುದ್ದಿ ಕೇಳಿ ಓಬಳೇಶ್ ಬಣ್ಣದ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಮೋರಿಯ ಹತ್ತಿರ ಹೋದ. ಚೇತನ್‌ಕುಮಾರ್ ಅಲ್ಲೇ ನಿಂತಿದ್ದ.

"ಡ್ರೈವರ್ ತೂಕಡಿಸಿರ್ಬೇಕು ಅಂತಾರಣ್ಣ," ಅಂದ.

"ತೂಕಡಿಸಿಲ್ಲ. ನಿನ್ನ ಬೋರ್ಡು ಹೇಳಿದಂಗೆ ಹೋಗ್ಯಾನೆ." ಓಬಳೇಶ್ ಪಟ್ಟೆಯ ಮೇಲೆ ಬೆರಳಾಡಿಸಿ ಅರ್ಥ ಹೇಳಿದ.

ಚೇತನ್ ಸ್ಪ್ಯಾನರ್ ತಂದು ಬೋಲ್ಟ್ ಬಿಚ್ಚಿ, ಬೋರ್ಡನ್ನು ತಲೆಕೆಳಗು ಮಾಡಿ ಹಿಡಿದ. ಪಟ್ಟೆಗಳು ಆಗಲೂ ಬಲಕ್ಕೇ ಇಳಿದವು. ಮತ್ತೊಮ್ಮೆ ತಿರುಗಿಸಿದ. ಅಷ್ಟೇ.

"ಹಂಗೆ ತಿರುಗಿಸಿದ್ರೆ ಬದಲಾಗಲ್ಲ. ಎಡದ್ದು ಬೇರೆ, ಬಲದ್ದು ಬೇರೆ."

"ಎರಡೂ ಒಂದೇ ಅನ್ಕಂಡಿದ್ದೆ ಅಣ್ಣ. ಚೀಲದಲ್ಲಿ ಯಾವುದು ಮೇಲಿತ್ತೋ ಅದನ್ನ ಹಾಕ್ದೆ." ಓಬಳೇಶನ ಚೀಲದಲ್ಲಿದ್ದ ಬಣ್ಣದ ಡಬ್ಬಿ ನೋಡಿ ಕೇಳಿದ, "ನೀನು ಇದನ್ನ ಯಾವಾಗ ನೋಡಿದೆ?"

ಈಗಷ್ಟೇ ಎನ್ನಬಹುದಿತ್ತು.

"ಎಂಟು ದಿನ ಆತು," ಅಂದ ಓಬಳೇಶ್.

ಚೇತನ್ ಸ್ಪ್ಯಾನರನ್ನು ನೆಲಕ್ಕೆ ಎಸೆದ. ಹೋಗಿ ಕಲ್ಲಿನ ಮೇಲೆ ಕೂತ. ಓಬಳೇಶ್ ಬೋರ್ಡಿನ ಹಿಂಭಾಗವನ್ನು ಒರೆಸಿ, ಹಳದಿ ಬಳಿದು, ಎಡಕ್ಕೆ ಇಳಿಯುವ ಹಾಗೆ ಕಪ್ಪು ಪಟ್ಟೆ ಎಳೆಯುತ್ತಾ ಹೋದ. ಎರಡು ಪಟ್ಟೆ ಸೊಟ್ಟಗಾದವು. ಇಬ್ಬರೂ ಸೇರಿ ಬೋಲ್ಟ್ ಬಿಗಿದರು.

ಸಂಜೆ ಆಸ್ಪತ್ರೆಯಲ್ಲಿ ಓಬಳೇಶ್ ಬೋರಣ್ಣನಿಗೂ ಆ ಎಂಟು ದಿನದ ಮಾತನ್ನೇ ಹೇಳಿದ.

"ಆ ಚೇತನ್ ಮೇಲೆ ಅಷ್ಟು ಹೊಟ್ಟೆ ಉರಿ ಏನಲೇ ನಿಂಗೆ?" ಅಂದ ಬೋರಣ್ಣ. "ಎದ್ದು ಹೋಗು. ತೋಳು ಕೂಡಲಿ, ಆಮೇಲೆ ಮಾತಾಡಾಣ."

ವಾರದ ಮೇಲೆ ಚೇತನ್‌ಕುಮಾರ್ ಮನೆ ಬಾಗಿಲಿಗೆ ಬಂದ. ಹೊಸದುರ್ಗದ ದಾರಿಯಲ್ಲೂ ಹಿರಿಯೂರಿನ ದಾರಿಯಲ್ಲೂ ಹಾಕಿದ ಬೋರ್ಡುಗಳನ್ನು ಒಂದೊಂದಾಗಿ ನೋಡಿ ಹೇಳಬೇಕು ಎಂದು ಕೇಳಿದ. ಓಬಳೇಶ್ ಹೋದ. ಮೂರು ದಿನ ತಿರುಗಿ ಇನ್ನೂ ನಾಲ್ಕು ತಪ್ಪು ಹಿಡಿದ. ನಾಲ್ಕನ್ನೂ ಆಗಿಂದಾಗಲೇ ಬದಲಾಯಿಸಿದರು.

ಮೂರನೇ ಸಂಜೆ ಹಿರಿಯೂರಿನಿಂದ ಬರುವಾಗ ಚೇತನ್‌ಕುಮಾರನ ಜೀಪಿನ ಬೆಳಕಿಗೆ ಬೋರ್ಡುಗಳು ಒಂದರ ಹಿಂದೆ ಒಂದು ಹೊತ್ತಿಕೊಂಡವು. ತನ್ನ ಬಣ್ಣ ಎಂದೂ ಹೀಗೆ ಹೊಳೆದಿರಲಿಲ್ಲ. ಓಬಳೇಶನಿಗೆ ಎದೆಯಲ್ಲಿ ಮತ್ತೆ ಅದೇ ಉರಿ. ಅವನು ಮುಖವನ್ನು ಹೊಲಗಳ ಕಡೆ ತಿರುಗಿಸಿದ. ಆದರೂ ಪ್ರತಿ ತಿರುವಿನಲ್ಲಿ, ತಡೆಯಲಾಗದೆ, ಪಟ್ಟೆ ಯಾವ ಕಡೆ ಇಳಿದಿದೆ ಎಂದು ಒಮ್ಮೆ ನೋಡಿಯೇ ನೋಡುತ್ತಿದ್ದ.