ಹೊಳೆಮಣ್ಣೂರಿನ ಮೂಕ ಪೆಟ್ಟಿಗೆ

ಹುಸ್ನಾ ಏನು ಕೆಲಸ ಮಾಡುತ್ತಾಳೆ ಎಂದು ನರಗುಂದದಲ್ಲಿ ಯಾರಾದರೂ ಕೇಳಿದರೆ, ತಾಯಿ ಕಮರುನ್ನಿಸಾ "ಕಂಪ್ಯೂಟರ್" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. ತಂದೆ ಯಮನೂರಸಾಬ ಹತ್ತಿ ಮಾರುಕಟ್ಟೆಯಲ್ಲಿ ತೂಕ ಹಾಕುವವನು. ಅವನೊಬ್ಬನೇ ಪಟ್ಟು ಹಿಡಿದು ಕೇಳಿ, ತಿಳಿದಷ್ಟನ್ನು ಗೆಳೆಯರಿಗೆ ಹೀಗೆ ಹೇಳಿಬಿಟ್ಟಿದ್ದ: ಹೊಸ ಯಂತ್ರಕ್ಕೆಂದು ಮಾಡಿದ ಔಷಧವನ್ನು ಮಗಳು ಹಳೆಯ ಯಂತ್ರಕ್ಕೆ ಒಗ್ಗುವಂತೆ ತೇಯ್ದು ಕುಡಿಸುತ್ತಾಳೆ. ಪೂರ್ತಿ ಸರಿಯಲ್ಲ, ಆದರೆ ತಪ್ಪೂ ಅಲ್ಲವೆಂದು ಹುಸ್ನಾ ಅದನ್ನು ತಿದ್ದಲು ಹೋಗಲಿಲ್ಲ.

ಹುಬ್ಬಳ್ಳಿಯ ಸಣ್ಣದೊಂದು ಕಂಪನಿ ಮಲಪ್ರಭೆಯ ದಂಡೆಯುದ್ದಕ್ಕೂ ನಲವತ್ತೊಂದು ಪೆಟ್ಟಿಗೆಗಳನ್ನು ನಿಲ್ಲಿಸಿತ್ತು. ಹೊಳೆ ಏರಿದರೆ ದಂಡೆಯ ಊರಿನವರ ಫೋನಿಗೆ ಸಂದೇಶ ಕಳಿಸುವುದು ಅವುಗಳ ಕೆಲಸ. ಪ್ರತಿ ಪೆಟ್ಟಿಗೆಯೊಳಗೆ ಅಂಗೈಯಗಲದ ಕಂಪ್ಯೂಟರು, ಅದರ ಆಪರೇಟಿಂಗ್ ಸಿಸ್ಟಮ್ಮಿಗೆ ತಳಪಾಯವಾಗಿ ಒಂದು ಕರ್ನಲ್. ಹೊರಗಿನ ಜಗತ್ತಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹೊಸ ಕರ್ನಲ್ ಬರುತ್ತದೆ. ಇವುಗಳಲ್ಲಿದ್ದದ್ದು ಒಂಬತ್ತು ವರ್ಷ ಹಳೆಯದು. ಬದಲಾಯಿಸುವ ಹಾಗಿರಲಿಲ್ಲ. ಸಂದೇಶ ಕಳಿಸುವ ಚಿಪ್ಪನ್ನು ಮಾಡಿದವರು ಆ ಒಂದು ಆವೃತ್ತಿಗೆ ಮಾತ್ರ ಬೇಕಾದ ಕೋಡ್ ಕೊಟ್ಟು ಬಾಗಿಲು ಮುಚ್ಚಿದ್ದರು. ಹೀಗಾಗಿ ಹೊಸ ಕರ್ನಲ್ಲಿನಲ್ಲಿ ಯಾರೋ ಒಂದು ದೋಷ ತಿದ್ದಿದಾಗ, ಹಳೆಯದರಲ್ಲೂ ಆ ದೋಷ ಇದೆಯೇ ಎಂದು ನೋಡಿ, ಇದ್ದರೆ ಆ ತಿದ್ದುಪಡಿಯನ್ನು ಹಿಂದಕ್ಕೆ ತಂದು ಕೂರಿಸುವ ಕೆಲಸ ಹುಸ್ನಾಳದು. ನರಗುಂದದ ಮನೆಯಿಂದಲೇ ಅದನ್ನು ಮಾಡುತ್ತಿದ್ದಳು.

ರೋಣದ ಕಾಲೇಜಿನಲ್ಲಿ ಬಿ.ಸಿ.ಎ. ಓದುವಾಗ ಅವಳಿಗೆ ಹೊಸ ಕೋಡ್ ಬರೆಯುವುದಕ್ಕಿಂತ ಬೇರೆಯವರು ಬರೆದದ್ದನ್ನು ಓದುವುದರಲ್ಲಿ ಹೆಚ್ಚು ಸುಖವಿತ್ತು. ತಾನು ಕಂಡೇ ಇಲ್ಲದ ಊರಿನವನೊಬ್ಬ ಹತ್ತು ವರ್ಷದ ಹಿಂದೆ ಇಲ್ಲಿ ಒಂದು ಸಾಲನ್ನು ಯಾಕೆ ಇಟ್ಟ, ತೆಗೆದರೆ ಏನು ಕೆಡುತ್ತದೆ ಎಂದು ಯೋಚಿಸುತ್ತ ಕೂತರೆ ಊಟದ ಹೊತ್ತು ದಾಟುತ್ತಿತ್ತು. ಈ ಕೆಲಸದಲ್ಲಿ ಮೆರೆಯಲು ಏನೂ ಇಲ್ಲ. ಹೊಸದೇನನ್ನೂ ಸೇರಿಸಬಾರದು, ಬೇಕಾದಷ್ಟನ್ನೇ ಮುಟ್ಟಬೇಕು. ಮೂರು ವರ್ಷದಲ್ಲಿ ಅವಳಿಗೆ ಹೆಮ್ಮೆ ತಂದ ತಿದ್ದುಪಡಿ ಎರಡೇ ಸಾಲಿನದು.

ಆ ಆಗಸ್ಟಿನಲ್ಲಿ ಅವಳು ಹಿಂದಕ್ಕೆ ತಂದ ತಿದ್ದುಪಡಿಯೂ ಸಣ್ಣದೇ. ಎರಡು ಸಂದೇಶಗಳು ಒಮ್ಮೆಗೇ ಹೊರಟರೆ ಅವುಗಳಲ್ಲಿನ ಅಂಕಿಗಳು ಕಲಸಿಹೋಗುತ್ತಿದ್ದವು. ಒಂದು ಹೋಗುವವರೆಗೆ ಇನ್ನೊಂದು ಕಾಯುವಂತೆ ಹೊಸ ಕರ್ನಲ್ಲಿನಲ್ಲಿ ಮೊದಲೇ ಇದ್ದ ಬೀಗವೊಂದನ್ನು ಅಲ್ಲಿಗೂ ಹಾಕಿದ್ದರು. ಅವಳು ತಂದಿಟ್ಟಾಗ ಎಲ್ಲಿಯೂ ತಕರಾರಿಲ್ಲದೆ ಕೂತಿತು. ಒಂಬತ್ತು ವರ್ಷದ ಅಂತರ ಇಷ್ಟು ಸಲೀಸಾಗಿ ಕೂಡಿದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಆಗಲಿಲ್ಲ. ಮೇಜಿನ ಮೇಲಿನ ಪೆಟ್ಟಿಗೆಯಿಂದ ಮೂರು ದಿನ ಸಾವಿರಾರು ಸಂದೇಶ ಕಳಿಸಿ ನೋಡಿದಳು, ಒಂದೂ ಕೆಡಲಿಲ್ಲ. ನಲವತ್ತೊಂದಕ್ಕೂ ಕಳಿಸಿಬಿಟ್ಟಳು.

ಐದನೆಯ ದಿನ ಹೊಳೆಮಣ್ಣೂರಿನಿಂದ ಗುರುಸಂಗಪ್ಪನ ಫೋನು ಬಂತು. ಹೊಳೆಗೆ ಹತ್ತಿದ ಹೊಲದ ರೈತ ಅವನು, ಅಲ್ಲಿನ ಪೆಟ್ಟಿಗೆಯ ಮೇಲಿನ ಸೋಲಾರ್ ಹಲಗೆಯ ಧೂಳು ಒರೆಸುವುದನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡವನು.

"ತಂಗಿ, ನಿನ್ನ ಪೆಟಗಿ ಮೌನವ್ರತ ಹಿಡದೈತೇನವಾ?" ಎಂದ. "ಹಸರ ದೀಪ ಮಿಣಮಿಣ ಅಂತೈತಿ, ಜೀವ ಐತಿ. ಹೊಳಿ ಎರಡ ಮೆಟ್ಟಲ ಏರಿದ್ರೂ ತುಟಿ ಬಿಚ್ಚವಲ್ದು. ಫೋನ ಒದರಿಲ್ಲಂದ್ರ ಹೊಳಿ ಏರಿಲ್ಲಂತ ಮಂದಿ ತಿಳದಾರ. ಹೆಸರಕಾಳ ಒಣಗಾಕ ಹಾಕಿದ್ರು, ಅರ್ಧ ನೀರಿನ ಪಾಲಾತು."

ಹುಬ್ಬಳ್ಳಿಯಲ್ಲಿ ಅವಳ ಮೇಲಧಿಕಾರಿ ನಿರ್ಮಲಾ ಇದನ್ನು ಅಷ್ಟು ದೊಡ್ಡದು ಮಾಡಲಿಲ್ಲ. ಉಳಿದ ನಲವತ್ತು ಸರಿಯಿವೆ, ಅಲ್ಲಿ ಮೊದಲಿನಿಂದಲೂ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಟವರಿನ ತೊಂದರೆ ಎಂದು ಬರೆದುಬಿಡು ಎಂದಳು. ಮಾತು ಮುಗಿಸುವ ಮುಂಚೆ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಮೇಲೆ ಮಳೆ ಜೋರಾಗಿದೆ, ನಾಳೆ ಸಂಜೆಯ ಹೊತ್ತಿಗೆ ಅಣೆಕಟ್ಟಿನಿಂದ ನೀರು ಬಿಡುತ್ತಾರಂತೆ.

ಟವರಿನ ತೊಂದರೆ ಎಂದು ಬರೆಯಲು ಹುಸ್ನಾ ಕೂತಳು. ಬರೆಯುವಾಗಲೇ, ಸಿಗ್ನಲ್ ಬಂದು ಹೋಗಿ ಮಾಡಿದರೆ ಪೆಟ್ಟಿಗೆ ಏನು ಮಾಡುತ್ತದೆ ಎಂಬ ಪ್ರಶ್ನೆ ಎದ್ದಿತು. ಅವಳ ಮೇಜಿನ ಮೇಲೆ ಸಿಗ್ನಲ್ ಒಮ್ಮೆಯೂ ಹೋಗಿರಲಿಲ್ಲ. ಹೊಸ ಕರ್ನಲ್ಲಿನ ಚರಿತ್ರೆಯನ್ನು ಹಿಂದೆ ಹಿಂದೆ ಓದುತ್ತ ಹೋದಳು. ತಾನು ತಂದಿದ್ದ ಬೀಗದ ತಿದ್ದುಪಡಿಗೂ ಎರಡು ವರ್ಷ ಮುಂಚೆ ಬೇರೊಬ್ಬರು ಮಾಡಿದ ಬದಲಾವಣೆಯೊಂದು ಸಿಕ್ಕಿತು. ಸಿಗ್ನಲ್ ಹೋಗಿ ಬಂದಾಗ ಮತ್ತೆ ಕೂಡಿಕೊಳ್ಳುವ ದಾರಿಯ ಹೊರಬಾಗಿಲಿನಲ್ಲಿ ಮೊದಲು ಅದೇ ಬೀಗ ಇತ್ತಂತೆ. ಅವರು ಅದನ್ನು ಅಲ್ಲಿಂದ ತೆಗೆದಿದ್ದರು. ಹಳೆಯ ಕರ್ನಲ್ಲಿನಲ್ಲಿ ಅದು ಇನ್ನೂ ಹಾಗೇ ಇತ್ತು. ಆ ಕೋಡನ್ನು ಒಬ್ಬ ಮನುಷ್ಯನೆಂದುಕೊಂಡರೆ, ಈಗ ಆ ದಾರಿಯಲ್ಲಿ ಬಂದವನು ಹೊರಗೆ ಬೀಗ ಹಿಡಿದುಕೊಂಡು ಒಳಗೆ ಬರುತ್ತಾನೆ, ಒಳಗೆ ಹುಸ್ನಾ ತಂದಿಟ್ಟಲ್ಲಿ ಮತ್ತೆ ಅದೇ ಬೀಗಕ್ಕೆ ಕೈಚಾಚುತ್ತಾನೆ. ಯಾರೋ ಹಿಡಿದಿದ್ದಾರೆ, ಬಿಡಲಿ ಎಂದು ಕಾಯುತ್ತ ನಿಲ್ಲುತ್ತಾನೆ. ಹಿಡಿದವನು ತಾನೇ. ಉಳಿದ ಯಂತ್ರವೆಲ್ಲ ನಡೆಯುತ್ತಿರುತ್ತದೆ, ದೀಪ ಮಿನುಗುತ್ತಿರುತ್ತದೆ, ಮಾತು ಮಾತ್ರ ಇಲ್ಲ.

ಜೋರು ಮಳೆಗಾಳಿಯಲ್ಲಿ ಎಲ್ಲ ಊರಿನಲ್ಲೂ ಸಿಗ್ನಲ್ ಹೋಗಿ ಬರುತ್ತದೆ. ನೀರು ಬರುವ ದಿನವೇ ನಲವತ್ತೊಂದೂ ಸುಮ್ಮನಾಗುತ್ತವೆ.

ನಿರ್ಮಲಾಗೆ ಫೋನು ಮಾಡಿ, ತಪ್ಪು ಟವರಿನದಲ್ಲ, ತನ್ನದು ಎಂದಳು. ನಿರ್ಮಲಾ ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದಳು. ತಿದ್ದುಪಡಿಯನ್ನು ಕಿತ್ತುಹಾಕಿದರೆ ಅಂಕಿ ಕಲಸುವ ಹಳೆಯ ದೋಷ ಮರಳುತ್ತಿತ್ತು. ಅದಕ್ಕೆ ಹುಸ್ನಾ ಹೊಸದನ್ನು ನಕಲು ಮಾಡದೆ, ಹೊರಗೆ ಬೀಗ ಹಿಡಿದು ಬಂದವನು ಒಳಗೆ ಅದನ್ನು ಮತ್ತೆ ಕೇಳದಂತೆ, ಹಳೆಯ ಮನೆಗೆ ಹೊಂದುವ ಬೇರೆ ದಾರಿಯೊಂದನ್ನು ಬರೆದಳು. ನಲವತ್ತು ಪೆಟ್ಟಿಗೆಗಳಿಗೆ ದೂರದಿಂದಲೇ ಕಳಿಸಿದ್ದಾಯಿತು. ಮೂಕವಾದ ಹೊಳೆಮಣ್ಣೂರಿನದು ಕೇಳಿಸಿಕೊಳ್ಳಲೂ ಆರದು, ಅಲ್ಲಿಗೇ ಹೋಗಬೇಕು.

ಮರುದಿನ ಬೆಳಿಗ್ಗೆ ಯಮನೂರಸಾಬ ಮಾರುಕಟ್ಟೆಗೆ ರಜೆ ಹಾಕಿ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೊರಟ. ಎರೆಮಣ್ಣು ಚಕ್ರಕ್ಕೆ ಮೆತ್ತಿ ಎರಡು ಕಡೆ ಇಳಿದು ಕಡ್ಡಿಯಿಂದ ಕೆರೆಯಬೇಕಾಯಿತು. ಹೊಳೆಮಣ್ಣೂರಿನಲ್ಲಿ ಗುರುಸಂಗಪ್ಪ ಏಣಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸಿದ್ದಲಿಂಗವ್ವ, ಸೊಂಟದ ಮೇಲೆ ಒಗೆದ ಬಟ್ಟೆಯ ಬುಟ್ಟಿ.

ಹುಸ್ನಾ ಪೆಟ್ಟಿಗೆ ಬಿಚ್ಚಿ, ಹೊಸ ತಿದ್ದುಪಡಿ ಹಾಕಿ, ಆಂಟೆನಾದ ತಿರುಪು ಸಡಿಲಿಸಿ ಸಿಗ್ನಲ್ ಕಡಿದಳು. ಮತ್ತೆ ಬಿಗಿದಳು. ಪೆಟ್ಟಿಗೆ ಮಾತಾಡಿತು. ಮೇಜಿನ ಮೇಲೆ ಮಾಡದೆ ಬಿಟ್ಟಿದ್ದನ್ನು ಇಲ್ಲಿ ಮೂವತ್ತು ಸಲ ಮಾಡಿದಳು. ಪ್ರತಿ ಸಲವೂ ಗುರುಸಂಗಪ್ಪನ ಜೇಬಿನಲ್ಲಿ ಫೋನು ಒದರಿತು.

"ಕಾಕಾ, ಇದು ಟವರಿನ ತಪ್ಪಲ್ರಿ," ಎಂದಳು ಏಣಿಯ ಮೇಲಿಂದಲೇ. "ನನ್ನ ತಪ್ಪರಿ. ಹೊಸದರಾಗಿಂದ ತಂದೆ, ಅದರ ಹಿಂದಿಂದು ನೋಡಲಿಲ್ಲ."

"ನೀ ಹೇಳದಿದ್ರ ನಮಗ ತಿಳೀತಿತ್ತೇನ?"

"ಇಲ್ರಿ."

ಅವನು ಹೊಳೆಯ ಕಡೆ ನೋಡಿದ. ಕೆಂಪು ನೀರು ಸದ್ದಿಲ್ಲದೆ ಅಗಲವಾಗುತ್ತಿತ್ತು. "ನಮ್ಮದೂ ತಪ್ಪೈತಿ," ಎಂದ. "ಕಣ್ಣ ಮುಂದ ಹೊಳಿ ಇಟಗೊಂಡು ಫೋನ ನೋಡಕೋತ ಕುಂತಿವಿ."

ಅಣೆಕಟ್ಟಿನ ನೀರಿಗೂ ಮುಂಚೆ, ಮಳೆಯ ನೀರಿಗೇ ಹೊಳೆ ಏರಿ, ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ತಾನಾಗಿಯೇ ಕಳಿಸಿದ ಮೊದಲ ಎಚ್ಚರಿಕೆ ಊರಿನ ಫೋನುಗಳಲ್ಲೆಲ್ಲ ಕೂಗಿತು. ಜನ ದಂಡೆಯ ಮೇಲಿನ ಹೆಸರುಕಾಳಿನ ರಾಶಿಯನ್ನು ಎತ್ತತೊಡಗಿದರು, ಎಮ್ಮೆಗಳನ್ನು ಮೇಲಕ್ಕೆ ಹೊಡೆದರು. ಯಮನೂರಸಾಬ ತೋಳೇರಿಸಿ ಚೀಲಕ್ಕೆ ಹೆಗಲು ಕೊಟ್ಟ.

ಹುಸ್ನಾ ಗುಡಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿದ್ದುಪಡಿಯ ಕೆಳಗೆ ಬರೆಯಬೇಕಾದ ಟಿಪ್ಪಣಿ ಬರೆಯುತ್ತಿದ್ದಳು. ಯಾವ ತಪ್ಪನ್ನು ಇದು ಸರಿಪಡಿಸುತ್ತದೆ ಎಂಬಲ್ಲಿ ತನ್ನ ಹಿಂದಿನ ತಿದ್ದುಪಡಿಯ ಗುರುತನ್ನೂ ತನ್ನ ಹೆಸರನ್ನೂ ಹಾಕಿದಳು. ಕೆಳಗೆ ಇನ್ನೊಂದು ಸಾಲಿತ್ತು. ದೋಷವನ್ನು ಮೊದಲು ಕಂಡು ಹೇಳಿದವರ ಹೆಸರು ಬರೆಯುವುದು ಆ ಕೆಲಸದವರ ಪದ್ಧತಿ. ಹೆಸರನ್ನು ಹೇಗೆ ಬರೆಯಲಿ ಎಂದು ಗುರುಸಂಗಪ್ಪನನ್ನು ಕೇಳಿದಳು.

"ನಾ ಫೋನ ಮಾಡಿದೆ ಅಷ್ಟ," ಎಂದ ಅವನು. "ಬಟ್ಟಿ ಒಗ್ಯಾಕ ಹೋಗಿ, ಕಲ್ಲ ಮುಳಗೇತಿ, ಫೋನ ಯಾಕ ಒದರಿಲ್ಲ ಅಂತ ಕೇಳಿದಾಕಿ ಇಕಿ."

ಸಿದ್ದಲಿಂಗವ್ವ ಸೆರಗು ಎಳೆದುಕೊಂಡಳು. "ತಪ್ಪಿನ ಕಾಗದದಾಗ ನನ್ನ ಹೆಸರ ಯಾಕಬೇ?"

"ತಪ್ಪಿಂದು ನನ್ನ ಹೆಸರೈತಿ ಚಿಗವ್ವಾ, ಮ್ಯಾಲಿನ ಸಾಲಿನಾಗ," ಎಂದಳು ಹುಸ್ನಾ. "ನಿಮ್ಮದು ಕಂಡವ್ರ ಸಾಲಿಗೆ."

ಸಿದ್ದಲಿಂಗವ್ವ ಲ್ಯಾಪ್‌ಟಾಪಿನ ತೆರೆಯ ಕಡೆ ಬಗ್ಗಿ ನೋಡಿ, ಓದಲು ಬಾರದಿದ್ದರೂ ಎರಡು ಸಾಲುಗಳ ಮೇಲೆ ಕಣ್ಣಾಡಿಸಿದಳು. "ಹಂಗಾದ್ರ ಊರಿನ ಹೆಸರೂ ಹಾಕು," ಎಂದು ಹೇಳಿ, ಬುಟ್ಟಿ ಎತ್ತಿಕೊಂಡು ರಾಶಿಯ ಕಡೆ ನಡೆದಳು.