ಹಲ್ಲಿನಕ್ಕ ಹೇಳಿದ ಚಿತ್ರಗಳು

ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಒಂದು ಲ್ಯಾಬು ಇತ್ತು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಲ್ಲಿಂದ ಕಟ್ಟುಹಲ್ಲು ತಯಾರಾಗಿ ಹೋಗುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅಲ್ಲಿ ಹಲ್ಲು ಕೂರಿಸುತ್ತಿದ್ದ ಹೆಂಗಸಿಗೆ ಹಲ್ಲಿನಕ್ಕ ಎಂದೇ ಹೆಸರು ಬಿದ್ದಿತ್ತು. ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸುವುದು, ಸಾಲು ತೀರ ನೆಟ್ಟಗಾದರೆ ಸುಳ್ಳು ಹಲ್ಲೆಂದು ಗೊತ್ತಾಗುತ್ತದೆಂದು ಒಂದನ್ನು ಕೂದಲೆಳೆಯಷ್ಟು ಓರೆ ಮಾಡುವುದು, ಕೊನೆಗೆ ತಿರುಗುವ ಬ್ರಷ್ಷಿಗೆ ಹಿಡಿದು ಮೆರುಗು ಕೊಡುವುದು ಅವಳ ಕೆಲಸ. ಅವಳ ಮೇಜಿನ ಮೇಲೆ ಹದಿನಾರು ಮಾದರಿ ಹಲ್ಲುಗಳ ಒಂದು ಪಟ್ಟಿ ಇರುತ್ತಿತ್ತು. ಹದಿನಾರೂ ಬಿಳಿ, ಹದಿನಾರೂ ಬೇರೆ ಬೇರೆ. ವೈದ್ಯರು ಬಣ್ಣದ ಸಂಖ್ಯೆ ಬರೆದು ಕಳಿಸಿದರೂ ಅವಳು ರೋಗಿಯ ಫೋಟೊ ನೋಡಿ, “ಇದಲ್ಲ, ಈ ಮನುಷ್ಯ ದಿನಕ್ಕೆ ಆರು ಸಲ ಟೀ ಕುಡೀತಾರೆ, ಇನ್ನೊಂದು ಮೆಟ್ಟಿಲು ಹಳದಿ ಬೇಕು” ಎನ್ನುವಳು. ತಪ್ಪುತ್ತಿರಲಿಲ್ಲ.

ಮಾಡಿದ ಹಲ್ಲು ಯಾರ ಬಾಯಿಗೆ ಹೋಯಿತು, ಅವರು ನಕ್ಕರೋ ಇಲ್ಲವೋ ಮಾತ್ರ ಅವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಲ್ಯಾಬಿನ ಯಜಮಾನರು ತಮಾಷೆ ಮಾಡುತ್ತಿದ್ದರು: “ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ. ಎರಡೂ ಒಟ್ಟಿಗೆ ಇರೋ ಹಾಗೆ ಮಾಡೋರು ನಾವು.”

ಅವಳಿಗೆ ಮದುವೆಯಾಗಿರಲಿಲ್ಲ. ತಾಯಿ ಹಾಸಿಗೆ ಹಿಡಿದ ಮೇಲೆ ಆ ಮಾತೂ ನಿಂತಿತು. ತಾಯಿ ಮಲಗಿದ್ದ ಎರಡು ವರ್ಷ ಸಂಜೆಯೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತು, ಫೋನಿನ ಸದ್ದು ಅಡಗಿಸಿ, ಚಿತ್ರ ನೋಡುತ್ತಿದ್ದಳು. ದೂರದ ಸಂಗ್ರಹಾಲಯಗಳು ಇದ್ದಬದ್ದ ಚಿತ್ರಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಅವಳಿಗೆ ದಾರಿ ಸಿಕ್ಕಿತು. ತಾಯಿ ಹೋದ ಮೇಲೆ ಸದ್ದು ಅಡಗಿಸಬೇಕಾದ ಕಾರಣ ಇರಲಿಲ್ಲ. ಆಗ ಸಂಗೀತವೂ ಸೇರಿತು.

ಕಂಡದ್ದನ್ನು ಯಾರಿಗಾದರೂ ತೋರಿಸಬೇಕಲ್ಲ. ಮನೆಯವರ ಗ್ರೂಪಿಗೆ ದಿನಾ ಒಂದು ಚಿತ್ರ ಹಾಕತೊಡಗಿದಳು. ಹತ್ತನೆಯ ದಿನ ತಮ್ಮ ಫೋನ್ ಮಾಡಿದ.

“ಅಕ್ಕ, ತಪ್ಪು ತಿಳ್ಕೋಬೇಡ. ಗ್ರೂಪ್ ಇರೋದು ಮನೆ ವಿಷಯಕ್ಕೆ. ಮೊನ್ನೆ ಚಿಕ್ಕಪ್ಪನ ಆಪರೇಷನ್ ಸುದ್ದಿ ನಿನ್ನ ಚಿತ್ರದ ಕೆಳಗೆ ಸಿಕ್ಕಿಹಾಕ್ಕೊಂಡು ಯಾರಿಗೂ ಕಾಣಲೇ ಇಲ್ಲ.”

“ಸರಿ, ಹಾಕಲ್ಲ ಬಿಡು,” ಎಂದಳು. ಆ ವಾರವೇ ಇಂಟರ್‌ನೆಟ್ಟಿನಲ್ಲಿ ತನ್ನದೇ ಒಂದು ಪುಟ ತೆರೆದಳು. ‘ಭಾನುವಾರದ ಮೂರು’ ಎಂದು ಹೆಸರಿಟ್ಟಳು. ವಾರಕ್ಕೊಂದು ಚಿತ್ರ, ಒಂದು ಸಂಗೀತ, ಮತ್ತೆ ಯಾರಾದರೂ ಕಂಪ್ಯೂಟರಿನಲ್ಲಿ ಮಾಡಿದ ಒಂದು ಚಮತ್ಕಾರ: ಬೆರಳಿಟ್ಟ ಕಡೆಗೆ ಗೆರೆಯ ಹಕ್ಕಿಗಳು ಹಾರಿಬರುವ ಪುಟ, ಫ್ಯಾನುಗಳ ಸದ್ದಿನಿಂದ ಕಟ್ಟಿದ ರಾಗ, ಅಂಥವು. ಮೂವತ್ತೊಂದು ಜನ ಸೇರಿದರು. ಅರ್ಧಕ್ಕಿಂತ ಹೆಚ್ಚು ನೆಂಟರು, ಮುಖದಾಕ್ಷಿಣ್ಯಕ್ಕೆ ಸೇರಿದವರು. ಒಂದು ವರ್ಷ ಗೋಡೆಗೆ ಹೇಳಿದ ಹಾಗೆ ನಡೆಯಿತು.

ಒಂದು ಸೋಮವಾರ ಊಟದ ಬಿಡುವಿನಲ್ಲಿ ಗುರುತಿಲ್ಲದವನಿಂದ ಒಂದು ಧ್ವನಿ ಸಂದೇಶ ಬಂತು.

“ನಮಸ್ಕಾರ ಮೇಡಂ. ನೀವು ಹಾಕೋ ಸಂಗೀತ ತಪ್ಪದೆ ಕೇಳ್ತೀನಿ. ಚಿತ್ರ ಬಂದಾಗ ಮಾತ್ರ ನನ್ನ ಫೋನು ‘ಚಿತ್ರ’ ಅಂತ ಒಂದೇ ಮಾತು ಓದಿ ಮುಂದೆ ಹೋಗುತ್ತೆ. ನನಗೆ ಕಣ್ಣು ಕಾಣಲ್ಲ. ತೊಂದರೆ ಇಲ್ಲ ಅಂದ್ರೆ, ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೀತೀರಾ?”

ಅವನು ಒಂದು ಕಚೇರಿಯಲ್ಲಿ ಸಭೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡುವವನು. ದಿನವಿಡೀ ಬೇರೆಯವರ ಜಗಳ ಕೇಳಿ ಅಕ್ಷರ ಮಾಡುವ ಕೆಲಸ.

ಅವಳು ಬರೆದಳು: ‘ಕಿಟಕಿಯ ಹತ್ತಿರ ಒಬ್ಬ ಹೆಂಗಸು ಹೂಜಿ ಹಿಡಿದು ನಿಂತಿದ್ದಾಳೆ. ಹಿಂದೆ ಬಿಳಿ ಗೋಡೆ.’

ತಕ್ಷಣ ಉತ್ತರ ಬಂತು. “ಯಾವ ಬಿಳಿ ಮೇಡಂ? ಹನ್ನೊಂದು ವರ್ಷದವರೆಗೂ ನನಗೆ ಕಾಣ್ತಿತ್ತು. ಹಾಲು, ಸುಣ್ಣ, ಹಳೇ ಬನಿಯನ್ನು, ಎಲ್ಲ ನೆನಪಿದೆ.”

ಲ್ಯಾಬಿನ ಹೊರಗೆ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಚಿತ್ರವನ್ನು ಹಿಗ್ಗಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಮತ್ತೆ ಬರೆದಳು: ‘ಹಳೇ ಬನಿಯನ್ನು. ಕಿಟಕಿ ಪಕ್ಕದಲ್ಲಿ ಮಾತ್ರ ಸುಣ್ಣ. ಹೂಜಿಯ ಕೆಳಗೆ, ಗೋಡೆಗೆ ನೆರಳು ಬಿದ್ದ ಕಡೆ, ನೀರು ಬೆರೆಸಿದ ಹಾಲು.’

ಅಲ್ಲಿಂದ ಅವಳ ಭಾನುವಾರವೇ ಬದಲಾಯಿತು. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದದ್ದು ಈಗ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯುತ್ತಿತ್ತು. ಎರಡು ಸಾಲು ಇಪ್ಪತ್ತಾಯಿತು, ಆಮೇಲೆ ನಲವತ್ತು. ಹೇಳಹೊರಟಾಗಲೇ ಕಾಣುತ್ತಿತ್ತು: ಒಂದು ಚಿತ್ರದಲ್ಲಿ ಹೆಂಗಸಿನ ಒಂದು ಪಾದ ಚಪ್ಪಲಿಯಿಂದ ಹೊರಗಿದೆ, ಇನ್ನೊಂದರಲ್ಲಿ ಬಾಗಿಲ ಚಿಲಕ ಹಾಕಿಲ್ಲ. ‘ಮೇಡಂ’ ಹೋಗಿ ‘ಅಕ್ಕ’ ಬಂತು. “ನನ್ನನ್ನ ‘ನೀವು’ ಅನ್ನಬೇಡಿ ಅಕ್ಕ, ನಮ್ಮ ಸಾಹೇಬರು ಬೈಯೋಕೆ ಮುಂಚೆ ಮಾತ್ರ ಹಾಗೆ ಅನ್ನೋದು,” ಎಂದ ಮೇಲೆ ಅವಳೂ ‘ನೀನು’ ಎನ್ನತೊಡಗಿದಳು.

ಒಂದು ದಿನ ತಮ್ಮನ ಹೆಂಡತಿ ಬಂದಿದ್ದಾಗ ಫೋನಿನಿಂದ ಗಂಡಸಿನ ದನಿ ಕೇಳಿಸಿತು. “ಯಾರದು ಅಕ್ಕ?” ಎಂದಳು.

“ಚಿತ್ರ ನೋಡೋನು.”

“ಮುಖ ನೋಡಿದೀರಾ?”

“ಇಲ್ಲ. ಅವನೂ ನೋಡಿಲ್ಲ, ಲೆಕ್ಕ ಸರಿಹೋಯ್ತು,” ಎಂದು ಹಲ್ಲಿನಕ್ಕ ನಕ್ಕಳು. ತಮ್ಮನ ಹೆಂಡತಿ ನಗಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಒಂದು ಮುಂಜಾನೆ ಅವನ ಸಂದೇಶ ಬಂದಾಗ ದನಿಯಲ್ಲೇ ಕುಣಿತವಿತ್ತು. “ಅಕ್ಕ, ಹೊಸ ಫೋನ್ ತಗೊಂಡೆ. ಇದು ತಾನೇ ಚಿತ್ರ ನೋಡಿ ಹೇಳುತ್ತೆ. ಯಾವುದೇ ಚಿತ್ರ, ಎರಡು ಸೆಕೆಂಡು ಸಾಕು. ಇನ್ನು ನಿಮಗೆ ಪ್ರತಿ ವಾರ ಈ ತೊಂದರೆ ಇಲ್ಲ.”

“ಒಳ್ಳೇದಾಯ್ತಪ್ಪ,” ಎಂದು ಹೇಳಿ ಕಳಿಸಿದಳು. ತೊಂದರೆ ಎಂಬ ಮಾತು ಇಡೀ ದಿನ ಕಿವಿಯಲ್ಲಿ ಕೂತಿತು. ಅಂದು ಒಂದು ಕೆಳಸಾಲಿನ ಬಾಚಿಹಲ್ಲನ್ನು ಮೂರು ಸಲ ಕಿತ್ತು ಕೂರಿಸಿದಳು.

ಭಾನುವಾರ ತನ್ನ ಫೋನಿಗೂ ಅಂಥದ್ದೇ ಒಂದು ಆ್ಯಪ್ ಹಾಕಿಕೊಂಡಳು. ಅದು ಎಷ್ಟು ಬಲ್ಲದು ನೋಡೋಣ ಎಂಬ ಹಟ. ಹಿಂದಿನ ತಿಂಗಳು ತಾನು ಹೇಳಿದ್ದ ಒಂದು ಚಿತ್ರ ಕೊಟ್ಟಳು. ಮೇಜಿನ ಮುಂದೆ ಕೂತ ಮುದುಕ, ಮುಂದೆ ಖಾಲಿ ತಟ್ಟೆ. ಅವಳು ಅದಕ್ಕೆ ಐವತ್ತು ಸಾಲು ಬರೆದಿದ್ದಳು. ‘ಕೋಣೆಯಲ್ಲಿ ಬೇರೆ ಯಾರೂ ಇಲ್ಲ’ ಎಂದು ಮುಗಿಸಿದ್ದಳು. ಫೋನು ಭಾವವಿಲ್ಲದ ದನಿಯಲ್ಲಿ ಹೇಳಿತು: “ಒಬ್ಬ ವೃದ್ಧ ಮೇಜಿನ ಮುಂದೆ ಕುಳಿತಿದ್ದಾನೆ. ಮೇಜಿನ ಕೆಳಗೆ ಒಂದು ನಾಯಿ ಮಲಗಿದೆ.”

ನಾಯಿಯೇ? ಹಿಗ್ಗಿಸಿ ನೋಡಿದಳು. ಕಂದು ನೆರಳೆಂದು ತಾನು ತಿಳಿದಿದ್ದ ಜಾಗದಲ್ಲಿ ಕಿವಿ ಇತ್ತು, ಮೂತಿ ಇತ್ತು. ಮುದುಕನ ಕಾಲ ಮೇಲೆ ಗದ್ದ ಇಟ್ಟು ನಾಯಿ ಕಣ್ಣು ಮುಚ್ಚಿತ್ತು.

ಹದಿನಾರು ಬಿಳಿ ಬಲ್ಲ ತನಗೆ ಒಂದು ಇಡೀ ನಾಯಿ ಕಾಣಲಿಲ್ಲ. ಮುಚ್ಚಿಡಬಹುದಿತ್ತು. ಆದರೆ ತಪ್ಪು ಕೂತ ಹಲ್ಲನ್ನು ಅವಳು ಎಂದೂ ಹಾಗೇ ಕಳಿಸಿದವಳಲ್ಲ. ಪುಟದಲ್ಲಿ ಬರೆದಳು: ‘ಹೋದ ತಿಂಗಳು ತಪ್ಪು ಹೇಳಿದ್ದೆ. ಮುದುಕ ಒಬ್ಬನೇ ಇಲ್ಲ. ಮೇಜಿನ ಕೆಳಗೆ ನಾಯಿ ಇದೆ. ನಾನು ನೋಡಿರಲಿಲ್ಲ.’

ಯಾರೂ ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಅವಳು ಏನನ್ನೂ ಹಾಕಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಟ್ಟೆ ಒಗೆದಳು, ಕಪಾಟು ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಪುಟ ಯಾಕೆ ನಿಂತಿತು ಎಂದು ಯಾರಾದರೂ ಕೇಳಿಯಾರೆಂದು ಕಾದಳು. ತಮ್ಮನ ಹೆಂಡತಿ ಕುಕ್ಕರಿನ ರಬ್ಬರ್ ಎಲ್ಲಿ ಸಿಗುತ್ತದೆಂದು ಕೇಳಿದಳು. ಯಜಮಾನರು ರಜೆಯ ಪಟ್ಟಿ ಕೇಳಿದರು. ಪುಟದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ನಾಲ್ಕು ವಾರ ಹಲ್ಲು ಕಚ್ಚಿಕೊಂಡು ಇದ್ದು, ಐದನೆಯ ಭಾನುವಾರ ಬೆಳಿಗ್ಗೆ ಅವಳೇ ಅವನಿಗೆ ಫೋನ್ ಮಾಡಿದಳು. ನೇರವಾಗಿ ಮಾತಾಡಿದ್ದು ಅದೇ ಮೊದಲು.

“ಅಕ್ಕ? ಹುಷಾರಾಗಿದೀರಾ?”

“ಆರಾಮಾಗಿದೀನಿ. ನಾಲ್ಕು ವಾರದಿಂದ ಹಾಕಿಲ್ಲ. ಗೊತ್ತಾಯ್ತಾ?”

“ಇಲ್ಲ ಅಕ್ಕ. ನಿಮಗೆ ಸುಳ್ಳು ಹೇಳಲ್ಲ. ಹೊಸ ಫೋನ್ ಬಂದಮೇಲೆ ಹಗ್ಗ ಬಿಚ್ಚಿದ ಕರು ಆಗಿದೀನಿ. ಇಪ್ಪತ್ತು ವರ್ಷ ಯಾರೋ ಆರಿಸಿ ಹೇಳಿದ್ದನ್ನೇ ನೋಡಿದೀನಿ. ಈಗ ನಾನೇ ಹುಡುಕ್ತೀನಿ, ಬೇಡ ಅನ್ನಿಸಿದ್ರೆ ನಾನೇ ಬಿಡ್ತೀನಿ.”

ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಹುಡುಕಿ ಸಿಕ್ಕಾಗ ಆಗುವ ಖುಷಿ ಅವಳಿಗೆ ಗೊತ್ತಿದ್ದದ್ದೇ. “ಏನು ಸಿಕ್ತು?” ಎಂದಳು.

“ಹಡಗುಗಳು. ಯಂತ್ರಗಳು. ಸಂತೆ, ಜಾತ್ರೆ, ಯುದ್ಧ, ಎಲ್ಲಾ ಗದ್ದಲದ ಚಿತ್ರಗಳು.” ಆಮೇಲೆ ಹೇಳಿದ, “ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಚಿತ್ರಗಳಲ್ಲಿ ಎಲ್ಲರೂ ಒಬ್ಬೊಬ್ಬರೇ ಇರ್ತಾರಲ್ಲ.”

“ಹಾಗೇನಿಲ್ಲ.”

“ಇದೆ ಅಕ್ಕ. ಎರಡು ವರ್ಷ ಕೇಳಿದೀನಿ. ಕೇಳೋದೇ ನನ್ನ ಕೆಲಸ.”

ಫೋನಿಟ್ಟ ಮೇಲೆ ಅವಳು ತನ್ನ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು ನೋಡಿದಳು. ಹೂಜಿಯ ಹೆಂಗಸು. ದೀಪದ ಹತ್ತಿರ ಕಾಗದ ಓದುತ್ತಿರುವವಳು. ಖಾಲಿ ಕುರ್ಚಿ. ಹಿಮದಲ್ಲಿ ನಡೆದು ಹೋಗುತ್ತಿರುವವನ ಬೆನ್ನು. ಸಂಗೀತ ಕೂಡ ಬಹುಪಾಲು ಒಂದೇ ವಾದ್ಯದ್ದು. ಅವಳು ಒಂದೊಂದನ್ನೂ ಅದು ಚಂದವೆಂದೇ ಆರಿಸಿದ್ದಳು, ಬೇರೆ ಯಾವ ಯೋಚನೆಯೂ ಇರಲಿಲ್ಲ. ಯಾರೋ ತನ್ನ ಬಾಯಿ ತೆರೆಸಿ ಒಳಗೆ ದೀಪ ಬಿಟ್ಟು ನೋಡಿದ ಹಾಗಾಯಿತು. ಸಂಜೆಯವರೆಗೆ ಕೂತೇ ಇದ್ದಳು. ಒಂದೆರಡು ಸಲ ಕಣ್ಣು ಒರೆಸಿಕೊಂಡಳು.

ಆಮೇಲೆ ಅವರ ಮಾತು ಕಡಿಮೆಯಾಯಿತು, ಆದರೆ ಕಡಿದುಹೋಗಲಿಲ್ಲ. ತಿಂಗಳಿಗೊಮ್ಮೆ ಅವನು ತನಗೆ ಸಿಕ್ಕಿದ್ದೊಂದನ್ನು ಕಳಿಸುವನು. ಬಿರುಗಾಳಿಗೆ ಸಿಕ್ಕಿದ ಹಡಗು, ಕಣ್ಣು ಕುಕ್ಕುವ ಸೂರ್ಯಾಸ್ತ. ಅವನ ರುಚಿ ಅವಳಿಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟಳು. “ಹಾಗಾದ್ರೆ ನೀವು ನೋಡಬೇಡಿ ಅಕ್ಕ,” ಎಂದು ನಕ್ಕ. ಮರುವರ್ಷ ಅವನಿಗೆ ಮದುವೆಯಾಯಿತು. ಕರೆದಿದ್ದ. ಅವಳು ಹೋಗಲಿಲ್ಲ, ಲ್ಯಾಬಿನಲ್ಲಿ ಕೆಲಸವಿದೆ ಎಂದಳು. ಅಷ್ಟೇನೂ ಕೆಲಸವಿರಲಿಲ್ಲ.

ಪುಟ ಮತ್ತೆ ಶುರುವಾಯಿತು. ಯಾರೂ ಕೇಳದಿದ್ದರೂ ಚಿತ್ರದ ಕೆಳಗೆ ಅದನ್ನು ಹೇಳುವ ಸಾಲುಗಳನ್ನು ಬರೆಯುವುದು ಬಿಡಲಿಲ್ಲ. ಬರೆಯದೆ ಇದ್ದರೆ ಅವಳಿಗೇ ಕಾಣುತ್ತಿರಲಿಲ್ಲ. ಹೋದ ತಿಂಗಳಿಂದ ಒಂದೇ ಚಿತ್ರ ಹಿಡಿದಿದ್ದಾಳೆ. ರೈಲು ನಿಲ್ದಾಣ, ಗಾಡಿ ಈಗಷ್ಟೇ ಬಂದಿದೆ, ಎಣಿಸಿದರೆ ತೊಂಬತ್ತಮೂರು ಜನ. ವಾರಕ್ಕೆ ನಾಲ್ಕೈದು ಜನರಂತೆ ಹೇಳುತ್ತ ಬಂದಿದ್ದಾಳೆ, ಎಡಗಡೆಯಿಂದ. ಈ ಭಾನುವಾರ ಹತ್ತೊಂಬತ್ತನೆಯವನಿಗೆ ಬಂದಳು. ಟೊಪ್ಪಿಗೆ ಎತ್ತಿ ಹಿಡಿದು ಯಾರನ್ನೋ ಕರೆಯುತ್ತಿರುವ ದಪ್ಪ ಮನುಷ್ಯ. ಯಾರನ್ನು ಎಂದು ಅವಳಿಗಿನ್ನೂ ಸಿಕ್ಕಿಲ್ಲ. ಬಲಗಡೆ ತುದಿಯವರೆಗೆ ಒಬ್ಬೊಬ್ಬರ ಮುಖವನ್ನೂ ಹಿಗ್ಗಿಸಿ ನೋಡುತ್ತ ಕೂತಿದ್ದಾಳೆ.