ಕ್ಯಾನಿಗೆ ಕಟ್ಟಿದ ಕೆಂಪು ಬಟ್ಟೆ

ಮುನಿಯಪ್ಪ, ಕಳೆನಾಶಕದ ಕ್ಯಾನಿನಿಂದ ಆ ಕೆಂಪು ಬಟ್ಟೆಯನ್ನು ಬಿಚ್ಚಿದ್ದು ನಾನು. ಮತ್ತೆ ಕಟ್ಟಿದ್ದೂ ನಾನೇ — ತಪ್ಪು ಕ್ಯಾನಿಗೆ. ನಮ್ಮ ಬಡಾವಣೆಯ ಪಾರ್ಕು ಒಣಗಿದ್ದು ನಿಮ್ಮಿಂದಲ್ಲ. ನಾಲ್ಕು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದರೆ — ಅದು ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.

ಅವತ್ತು ಆಯುಧಪೂಜೆ. ಪಾರ್ಕಿನ ಮಾಲಿಯಾದ ನೀವು ಹಿಂದಿನ ದಿನವೇ ಗುದ್ದಲಿ, ಕುಡುಗೋಲು ತೊಳೆದಿಟ್ಟು ನಿಮ್ಮೂರು ತೂಬಗೆರೆಗೆ ಹಬ್ಬಕ್ಕೆ ಹೋಗಿದ್ದಿರಿ. ನಾನು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಹುಟ್ಟಿದವಳು. ನಮ್ಮಲ್ಲಿ ಆ ದಿನ ಮಗ್ಗದ ಸಂದಿಯಲ್ಲಿ ಒಂದು ಚೂರು ಧೂಳೂ ಇರಬಾರದು. ಬಡಾವಣೆಗೆ ಬಂದ ಮೇಲೆ ಮಗ್ಗವೆಲ್ಲಿ? ಸಂಘದವರು ಪಾರ್ಕಿನ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದ್ದರಲ್ಲ, ನಿಮ್ಮ ಶೆಡ್ಡನ್ನೇ ಪೂಜೆಗೆ ಅಣಿ ಮಾಡೋಣ ಎಂದು ಹೊರಟೆ. ಒಬ್ಬಳೇ. ಭಾರೀ ಉತ್ಸಾಹ.

ಮೂಲೆಯಲ್ಲಿ ಎರಡು ಬಿಳಿ ಕ್ಯಾನುಗಳಿದ್ದವು. ಒಂದರಲ್ಲಿ ಗಿಡಕ್ಕೆ ಹಾಕುವ ಗೊಬ್ಬರದ ದ್ರವ. ಇನ್ನೊಂದರಲ್ಲಿ, ನಡೆಯುವ ದಾರಿಯ ಕಲ್ಲುಗಳ ನಡುವೆ ಹುಟ್ಟುವ ಹುಲ್ಲಿಗೆ ಹೊಡೆಯುವ ಕಳೆನಾಶಕ. ಚೀಟಿಗಳು ಇಂಗ್ಲಿಷಿನಲ್ಲಿದ್ದವು. ನಿಮಗೆ ಓದಲು ಬರುವುದಿಲ್ಲ, ಅದಕ್ಕೇ ವಿಷದ ಕ್ಯಾನಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿಕೊಂಡಿದ್ದಿರಿ. ಅದು ಎಣ್ಣೆ, ಮಣ್ಣು ಮೆತ್ತಿ ಕಪ್ಪಾಗಿತ್ತು. ಬಿಚ್ಚಿದೆ, ಒಗೆದೆ, ಬೇಲಿಯ ಮೇಲೆ ಒಣಗಿಸಿದೆ. ಕ್ಯಾನುಗಳನ್ನು ಒರೆಸಿ ಅರಿಸಿನ ಕುಂಕುಮ ಇಟ್ಟು ಚೆಂಡುಹೂವು ಮುಡಿಸಿದೆ. ಆಮೇಲೆ ಬಟ್ಟೆ ಕಟ್ಟಿದೆ. ಯಾವುದಕ್ಕೆ ಎಂದು ಯೋಚಿಸಿದೆನೇ? ನೆನಪಿಲ್ಲ. ನೀವು ಅಂದಕ್ಕೆ ಕಟ್ಟಿದ್ದೀರಿ ಎಂದುಕೊಂಡೆನೇ — ಅಷ್ಟು ದಡ್ಡಿಯಲ್ಲ ನಾನು. ಚೀಟಿ ಕಣ್ಣೆದುರಿಗೇ ಇತ್ತು. ಓದಲು ಬರುವವಳು ನಾನು. ಓದಲಿಲ್ಲ.

ಹಬ್ಬ ಮುಗಿಸಿ ಬಂದು ನೀವು ಬಟ್ಟೆಯಿಲ್ಲದ ಕ್ಯಾನಿನಿಂದ ಗುಲಾಬಿಗೂ ಕನಕಾಂಬರದ ಮಡಿಗೂ ಹೊಡೆದಿರಿ. ಹತ್ತೇ ದಿನದಲ್ಲಿ ಎಲ್ಲವೂ ಹಳದಿಯಾಗಿ ಮುದುರಿತು. ಸಂಘದವರೆಲ್ಲ ಶೆಡ್ಡಿನ ಮುಂದೆ ಸೇರಿದರು. ಅಧ್ಯಕ್ಷರು ಚೀಟಿ ಓದಿ, "ಈ ಬಟ್ಟೆ ಕಟ್ಟಿದ್ಯಾರು?" ಎಂದರು.

"ನಾನೇ ಸಾರ್, ಯಾವಾಗ್ಲೂ ನಾನೇ ಕಟ್ಟೋದು," ಎಂದಿರಿ ನೀವು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಿರಿ: "ಅಮ್ಮ, ಹಬ್ಬದ ದಿನ ನೀವೇನಾದ್ರೂ ಬಿಚ್ಚಿದ್ರಾ?"

"ಇಲ್ಲಪ್ಪ. ನಾನು ಬರೀ ಹೂವ ಮುಡಿಸ್ದೆ ಅಷ್ಟೆ."

ಇಷ್ಟೇ ನಾನು ಆಡಿದ ಮಾತು. ಹೆದರಿಕೆಯೇ? ಏನಾಗುತ್ತಿತ್ತು ನನಗೆ — ನಾಲ್ಕು ಜನ ಒಂದು ವಾರ ಆಡಿಕೊಳ್ಳುತ್ತಿದ್ದರು, ಮರೆಯುತ್ತಿದ್ದರು. ನಿಮ್ಮ ಕೆಲಸ ಮಾತ್ರ ಅವತ್ತೇ ಹೋಯಿತು. ಹೋಗುವಾಗ ನೀವು ನನ್ನನ್ನು ಅನುಮಾನದಿಂದ ನೋಡಿದ್ದರೂ ನನಗೆ ಸಮಾಧಾನವಾಗುತ್ತಿತ್ತೇನೋ. ನೀವು ನಿಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದಿರಿ.

ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಕೆಲವು ದಿನ ನಾನು ಬಟ್ಟೆ ಬಿಚ್ಚಿಯೇ ಇರಲಿಲ್ಲ ಎಂದೂ ಅನ್ನಿಸುತ್ತಿತ್ತು. ಸುಳ್ಳನ್ನು ನಂಬುವುದು ಇಷ್ಟು ಸಲೀಸೇ? ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀವು, ನಿಮ್ಮ ಹೆಂಡತಿ ಸಿಕ್ಕಿದಿರಿ. ಬಸ್ಸಿನ ಟಿಕೆಟ್ಟುಗಳನ್ನೂ ಆಕೆಯೇ ಹಿಡಿದಿದ್ದರು. "ಇವ್ರ ಕೈಗೆ ಏನೂ ಕೊಡಲ್ಲಮ್ಮ, ಮರೆವು ಜಾಸ್ತಿ," ಎಂದರು. ನೀವು ನಕ್ಕಿರಿ.

"ನಿಮ್ಮ ಪಾರ್ಕಿಂದ ಬಂದ್ಮೇಲೆ ನನ್ನ ತಲೇನ ನಾನೇ ನಂಬಲ್ಲ ಕಣಮ್ಮ. ನಮ್ಮ ತೋಟಕ್ಕೂ ಔಷ್ದಿ ಹೊಡಿಯೋದು ಬಿಟ್ಬಿಟ್ಟೆ. ಬಾಗ್ಲು ಹಾಕಿದ್ನಾ ಅಂತ ಇವ್ಳನ್ನ ಎರಡೆರಡು ಸಲ ಕೇಳ್ತೀನಿ."

ಕೆಲಸ ಹೋಯಿತು ಎಂದಷ್ಟೇ ನಾನು ಎಣಿಸಿದ್ದು. ನೆಟ್ಟಗಿದ್ದ ಒಬ್ಬ ಮನುಷ್ಯನಿಗೆ ಅವನ ನೆನಪೇ ಸುಳ್ಳು ಎಂದು ನಂಬಿಸಿಬಿಟ್ಟಿದ್ದೆ. ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ — "ಬಸ್ಸು ಬಂತು, ಬರ್ತೀನಿ" ಎಂದು ಹತ್ತಿಬಿಟ್ಟೆ. ಅದು ನನ್ನ ಬಸ್ಸೂ ಆಗಿರಲಿಲ್ಲ, ಮುನಿಯಪ್ಪ.

ಮನೆಗೆ ಬಂದು ಕಾಗದ ಬರೆಯಲು ಕೂತೆ. ಮೂರು ಸಲ ಹರಿದು ಹಾಕಿ ಇದನ್ನು ಬರೆದೆ. ಬರೆದ ಮೇಲೆ ಮನಸ್ಸು ಹಗುರವಾಯಿತು, ಅದಕ್ಕೇ ಅನುಮಾನ ಬಂತು. ನಿಮಗೆ ಓದಲು ಬಾರದು ಎನ್ನುವ ಧೈರ್ಯದಿಂದಲೇ ಇಷ್ಟೆಲ್ಲ ಬರೆದೆನೇ? ಇರಬಹುದು. ನನ್ನನ್ನು ನಾನು ಇನ್ನು ನಂಬುವ ಹಾಗಿಲ್ಲ. ಭಾನುವಾರ ತೂಬಗೆರೆಗೆ ಬರುತ್ತೇನೆ. ನಿಮ್ಮ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಎನ್ನುತ್ತೇನೆ. ಈ ಕಾಗದ ತರುವುದಿಲ್ಲ, ಬಾಯಲ್ಲೇ ಹೇಳುತ್ತೇನೆ.